ತಾಳವಾಡಿಯೋ, ತಿರುಪ್ಪೂರೋ?

ಚಿಕ್ಕ ಊರಿನ ವಾಸ ಮೇಲೋ, ದೊಡ್ಡ ಊರಿನ ವಾಸ ಮೇಲೋ ಎಂಬುದು ಚರ್ಚಾಸ್ಪರ್ಧೆಗೆ ಹಳೆಯ ವಿಷಯ. ಒಬ್ಬ ವಿದ್ಯಾರ್ಥಿ ಎದ್ದು ಶುದ್ಧವಾದ ಗಾಳಿ, ನೆಮ್ಮದಿ ಎನ್ನುತ್ತಾನೆ. ಇನ್ನೊಬ್ಬ ಆಸ್ಪತ್ರೆ, ಕಾಲೇಜು, ಉದ್ಯೋಗ ಎನ್ನುತ್ತಾನೆ. ಗಂಟೆ ಬಾರಿಸಿದ ಮೇಲೆ ಇಬ್ಬರೂ ಒಂದೇ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ನಮ್ಮ ಸೀಮೆಯ ತಂದೆತಾಯಿಗಳಿಗೆ ಮಾತ್ರ ಇದು ಸ್ಪರ್ಧೆಯ ವಿಷಯವಲ್ಲ. ಮಳೆ ಕೈಕೊಟ್ಟ ವರ್ಷ, ಟೊಮೇಟೊ ಬೆಲೆ ಕುಸಿದ ವರ್ಷ, ಆನೆ ಜೋಳದ ಹೊಲಕ್ಕೆ ನುಗ್ಗಿದ ವರ್ಷ, "ಘಟ್ಟ ಇಳಿದು ತಿರುಪ್ಪೂರಿಗೆ ಹೋಗಿಬಿಡೋಣವೇ?" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಹೋಗುವುದೇ ಆದರೆ ಒಂಬತ್ತನೆಯ ತರಗತಿಯಲ್ಲಿರುವ ಮಗುವನ್ನು ಏನು ಮಾಡುವುದು? ನನ್ನ ಮಾತು ಆ ಮಗುವನ್ನು ಕುರಿತದ್ದು.

ಕೊಯಮತ್ತೂರು ಸೀಮೆಯ ನಂಟು ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. 1979ರವರೆಗೆ ನಮ್ಮ ಹಿರಿಯರಿಗೆ ಜಿಲ್ಲಾ ಕಚೇರಿಯೆಂದರೆ ಕೊಯಮತ್ತೂರೇ. ಈಗ ನಾವು ಈರೋಡು ಜಿಲ್ಲೆಯವರು. ತಿರುಪ್ಪೂರು 2009ರಲ್ಲಿ ಬೇರೆಯೇ ಜಿಲ್ಲೆಯಾಯಿತು. ಜಿಲ್ಲೆಗಳು ಬೇರೆಯಾದರೂ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಕೆಲಸಕ್ಕೆ ಹೋಗುವುದು ನಿಂತಿಲ್ಲ.

ಚಿಕ್ಕ ಊರನ್ನು ಹೊಗಳುವವರು ಗಾಳಿ ನೀರಿನಿಂದ ಆರಂಭಿಸುತ್ತಾರೆ. ಅದು ಇದ್ದದ್ದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇಲ್ಲಿ ಎಲ್ಲರಿಗೂ ಎಲ್ಲರ ಗುರುತಿರುವುದು. ಮಗು ಎರಡು ದಿನ ಶಾಲೆಗೆ ಬಾರದಿದ್ದರೆ ಮೂರನೆಯ ದಿನ ಸಂತೆಯಲ್ಲಿಯೇ ಕಾರಣ ತಿಳಿಯುತ್ತದೆ. ಅಂಗಡಿಯವರು ಸುಗ್ಗಿಯವರೆಗೆ ಸಾಲ ಬರೆದುಕೊಳ್ಳುತ್ತಾರೆ. ಗುಮಟಾಪುರದ ಗೊರೆ ಹಬ್ಬಕ್ಕೆ, ಎಲ್ಲೆಲ್ಲೋ ದುಡಿಯುವವರು ರಜೆ ಹಾಕಿ ಬಂದು ಸಗಣಿಯಲ್ಲಿ ಮುಳುಗೇಳುತ್ತಾರೆ. ಊರಿನ ಸೆಳೆತ ಅಂಥದು.

ಆದರೆ ಈ ಗುರುತೇ ಕಟ್ಟೂ ಆಗುತ್ತದೆ. "ಯಾರ ಮನೆಯವನು?" ಎಂಬ ಪ್ರಶ್ನೆಯಲ್ಲಿ ಪ್ರೀತಿ ಎಷ್ಟಿದೆಯೋ ಜಾತಿಯ ವಿಚಾರಣೆಯೂ ಅಷ್ಟೇ ಇದೆ. ಹೆಣ್ಣುಮಗಳು ಬಸ್ ನಿಲ್ದಾಣದಲ್ಲಿ ಸಹಪಾಠಿಯೊಡನೆ ಲೆಕ್ಕದ ಪುಸ್ತಕದ ಮಾತಾಡಿದರೂ ಅವಳಿಗಿಂತ ಮೊದಲು ಸುದ್ದಿ ಮನೆ ಸೇರುತ್ತದೆ. ಮರುವರ್ಷ ಅವಳ ಓದು ನಿಂತರೂ ಆಶ್ಚರ್ಯವಿಲ್ಲ. ರಾತ್ರಿ ಹೊಟ್ಟೆನೋವು ಬಂದರೆ ದೊಡ್ಡ ಆಸ್ಪತ್ರೆಗೆ ಘಟ್ಟ ಇಳಿಯಬೇಕು, ಇಲ್ಲವೆ ಚಾಮರಾಜನಗರಕ್ಕೆ ಓಡಬೇಕು. ಸುತ್ತಲಿನದು 2013ರಿಂದ ಹುಲಿ ರಕ್ಷಿತಾರಣ್ಯ. ದಿಂಬಂ ರಸ್ತೆಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ತುರ್ತಿಗೆ ವಿನಾಯಿತಿ ಇದೆ ನಿಜ. ಆದರೂ ಆ ಕತ್ತಲೆಯ ದಾರಿಯಲ್ಲಿ ಬಸುರಿ ಹೆಂಗಸನ್ನು ಕರೆದೊಯ್ಯುವವರ ಮುಂದೆ ಶುದ್ಧ ಗಾಳಿಯ ಗುಣಗಾನ ಮಾಡಲು ನಾಲಿಗೆ ಬಾರದು.

ಇನ್ನು ತಿರುಪ್ಪೂರು. ಹತ್ತಿ ಬನಿಯನ್ನು, ಟೀ ಶರ್ಟುಗಳಿಗೆ ದೇಶದಲ್ಲಿಯೇ ಮೊದಲ ಊರು. 1932ರ ಜನವರಿಯಲ್ಲಿ ಲಾಠಿ ಏಟು ಬಿದ್ದರೂ ಕೈಯ ಬಾವುಟ ಬಿಡದೆ ಪ್ರಾಣಬಿಟ್ಟ ಕುಮಾರನ್ ಅವರ ಹೆಸರು ಆ ಊರಿನೊಡನೆ ಸೇರಿಹೋಗಿದೆ. ಅಲ್ಲಿ ಕೆಲಸವುಂಟು, ವಾರಕ್ಕೊಮ್ಮೆ ಕೈಗೆ ಕಾಸುಂಟು. ಹೊಲಿಗೆ ಯಂತ್ರ ಜಾತಿ ಕೇಳುವುದಿಲ್ಲ. ಮನೆ ಬಾಡಿಗೆಗೆ ಕೊಡುವವರು ಕೇಳಿಯಾರು, ಆ ಮಾತು ಬೇರೆ. ಊರಿನಲ್ಲಿ ಕೂಲಿಯ ಹಣವನ್ನು ಕಣ್ಣಿನಿಂದ ಕಾಣದ ಹೆಂಗಸು ಅಲ್ಲಿ ತನ್ನ ಸಂಬಳವನ್ನು ತಾನೇ ಎಣಿಸಿಕೊಳ್ಳುತ್ತಾಳೆ. ಇದನ್ನು ಹಗುರವಾಗಿ ಕಾಣಬಾರದು.

ಹಾಗೆಂದು ಮಗುವಿಗೂ ಅದೇ ನ್ಯಾಯವೆನ್ನಲಾಗದು. ಆರ್ಡರ್ ಬಂದಾಗ ತಂದೆತಾಯಿ ಒಂದೂವರೆ ಶಿಫ್ಟ್ ದುಡಿಯುತ್ತಾರೆ. ಸಾಲುಮನೆಯ ಒಂದೇ ಕೋಣೆಗೆ ಅವರು ಬರುವ ಹೊತ್ತಿಗೆ ಮಗು ನಿದ್ರಿಸಿರುತ್ತದೆ. ಶಾಲೆಯಲ್ಲಿ ಎಲ್ಲವೂ ತಮಿಳಿನಲ್ಲಿ. 2006ರ ಕಾನೂನಿನ ಮೇಲೆ ನಮ್ಮ ಮಕ್ಕಳೂ ತಮಿಳು ಕಲಿಯುತ್ತಿದ್ದಾರೆ, ಅದು ಒಳ್ಳೆಯದೇ. ಎರಡು ಭಾಷೆಗಳಲ್ಲಿ ಓದಿದ ನನಗೆ ಅದರ ಲಾಭ ಗೊತ್ತು. ಆದರೆ ಭಾಷೆಯನ್ನು ಕಲಿಯುವುದು ಬೇರೆ, ಆ ಭಾಷೆಯಲ್ಲಿ ವಿಜ್ಞಾನ ಕಲಿಯುವುದು ಬೇರೆ. ಎಂಟು ವರ್ಷ ಕನ್ನಡದಲ್ಲಿ ಓದಿದ ಹುಡುಗಿಗೆ ದ್ಯುತಿಸಂಶ್ಲೇಷಣೆ ಒಂದು ಬೆಳಗಾಗುವುದರೊಳಗೆ 'ಒಳಿಚ್ಚೇರ್ಕೈ' ಆಗುತ್ತದೆ, ವೇಗೋತ್ಕರ್ಷ 'ಮುಡುಕ್ಕಂ' ಆಗುತ್ತದೆ. ವಿಷಯ ತಿಳಿದಿದ್ದರೂ ಉತ್ತರ ಹೇಳಲು ಬಾಯಿ ಬಾರದು. ತಿಳಿದೂ ಸುಮ್ಮನೆ ಕುಳಿತ ಮಗು ದಡ್ಡನೆನಿಸಿಕೊಳ್ಳುತ್ತದೆ. ಸ್ವಲ್ಪ ದಿನದಲ್ಲಿ ತಾನೂ ನಂಬುತ್ತದೆ. ಆಮೇಲೆ ಬನಿಯನ್ ಕಂಪನಿಯಲ್ಲಿ 'ಕೈಮಡಿ' ಕೆಲಸ, ಅಂದರೆ ಹೊಲಿಗೆಯವರ ಪಕ್ಕದಲ್ಲಿ ಕುಳಿತು ತುಂಡು ಎತ್ತಿಕೊಡುವುದು. ಮೂರು ವರ್ಷ ದುಡಿದರೆ ಮದುವೆಗೆ ಇಡಿಗಂಟು ಎಂಬ 'ಸುಮಂಗಲಿ' ಯೋಜನೆಯ ಮಾತು ಕೇಳಿ ಎಷ್ಟೋ ಹೆಣ್ಣುಮಕ್ಕಳು ಈ ಜಿಲ್ಲೆಗಳ ನೂಲಿನ ಗಿರಣಿಗಳ ಹಾಸ್ಟೆಲು ಸೇರಿದ್ದನ್ನು ನಮ್ಮ ಕಡೆಯವರು ಮರೆತಿರಲಾರರು.

ಆ ಕೆಲಸವಾದರೂ ಶಾಶ್ವತವೇ? 2011ರ ಜನವರಿಯಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಕಾರಣ ಮದ್ರಾಸ್ ಉಚ್ಚ ನ್ಯಾಯಾಲಯ ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ನ್ಯಾಯವಾದ ಆದೇಶವೇ, ಆದರೆ ದಿನಗೂಲಿಯವರ ಒಲೆ ಆರಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆಗ ಯಂತ್ರಗಳು ನಿಂತವು, ದುಡಿಯುವವರು ತಮ್ಮ ತಮ್ಮ ಊರಿನ ದಾರಿ ಹಿಡಿದರು.

ಊರು ಬಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಗಾಜನೂರಿನ ಮುತ್ತುರಾಜ ಊರು ಬಿಟ್ಟದ್ದರಿಂದಲೇ ಡಾ. ರಾಜ್‌ಕುಮಾರ್ ಆದರು. "ಅವರು ಶಾಲೆಯನ್ನೂ ಬಿಟ್ಟರಲ್ಲ ಮೇಷ್ಟ್ರೇ" ಎಂದು ಮಕ್ಕಳು ನನ್ನನ್ನು ಹಿಡಿಯುವಿರಿ, ಗೊತ್ತು. ಅವರ ತಂದೆಯೇ ರಂಗನಟರು. ಹುಡುಗ ಹೋದದ್ದು ತಂದೆಯ ಕೈಹಿಡಿದು ವಿದ್ಯೆ ಕಲಿಯಲು, ತುಂಡು ಎತ್ತಿಕೊಡಲು ಅಲ್ಲ.

ನನ್ನ ಅಭಿಪ್ರಾಯ ಇಷ್ಟು. ಹತ್ತನೆಯ ತರಗತಿ ಮುಗಿಯುವವರೆಗೆ ಮಗುವಿಗೆ ಚಿಕ್ಕ ಊರೇ ಸರಿ; ಮುಗಿದ ಮೇಲೆ, ಗಂಡಾಗಲಿ ಹೆಣ್ಣಾಗಲಿ, ಓದಿಗಾಗಿ ಹೊರಡುತ್ತೇನೆಂದರೆ ತಡೆಯಬೇಡಿ, ಮೈಸೂರಾಗಲಿ ಕೊಯಮತ್ತೂರಾಗಲಿ. ದುಡಿಮೆಗೆ ಹೋಗಲೇಬೇಕಾದ ತಂದೆತಾಯಿಗಳು ಹೋಗಿಬನ್ನಿ. ಮಗುವನ್ನು ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇರಿಸುವ ದಾರಿ ಇದೆಯೇ ಎಂದು ಮೊದಲು ನೋಡಿ. ವರ್ಷದ ನಡುವೆ ಟಿ.ಸಿ. ಕೇಳಲು ಕಚೇರಿಯ ಕಿಟಕಿಗೆ ಬರುವ ಮುನ್ನ ಒಂದು ಗಳಿಗೆ ತರಗತಿಯ ಬಾಗಿಲಿಗೆ ಬಂದು ನಮ್ಮೊಡನೆ ಮಾತಾಡಿ. ಸಂಜೆ ನಾಲ್ಕೂವರೆಯ ಮೇಲೆ ನಾವು ಇಲ್ಲಿಯೇ ಇರುತ್ತೇವೆ.