ಪೇಟೆಯ ಬೀದಿಯಲ್ಲಿ ಒಂದು ಮೊಳ ಕೊಸರು



ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯವರಾದ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ಜವಳಿ ತೆಗೆಯಲು ಪೇಟೆಗೆ ಎಂದು ಹೋಗೋಣ?" ಎಂಬುದು. ಪೇಟೆಯೆಂದರೆ ಬೇರಾವುದೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಸಿಟಿ ಮಾರ್ಕೆಟ್ಟು. ಈಗ ನಮ್ಮ ಊರುಗಳಲ್ಲಿಯೂ ದೊಡ್ಡ ದೊಡ್ಡ ಅಂಗಡಿಗಳಾಗಿವೆ. ಕುಳಿತಲ್ಲಿಯೇ ಫೋನಿನಲ್ಲಿ ಸೀರೆ ತರಿಸಿಕೊಳ್ಳುವವರೂ ಇದ್ದಾರೆ. ಆದರೂ ಹಿರಿಯರು ಕಿರಿಯರು ಒಟ್ಟಾಗಿ ಹೋಗಿ, ನಾಲ್ಕು ಅಂಗಡಿ ಹತ್ತಿಳಿದು, ಹತ್ತು ಸೀರೆ ಬಿಚ್ಚಿಸಿ ನೋಡಿ ತಂದರಲ್ಲದೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ.

ಕೆಲವು ಕಾಲದ ಹಿಂದೆ ನಮ್ಮ ಅಕ್ಕನ ಮಗಳ ಮದುವೆಗೆಂದು ನಾವೂ ಹೀಗೆಯೇ ಹೊರಟೆವು. ಆ ಒಂದು ದಿನದ ಪೇಟೆಯ ಓಡಾಟ ನನಗೆ ಕಲಿಸಿದ ಪಾಠವನ್ನು ಈ ತಿಂಗಳು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಬೆಂಗಳೂರಿನ ಪೇಟೆಗೂ ನಮಗೂ ಇರುವ ನಂಟು ಇಂದು ನಿನ್ನೆಯದಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ಎರಡು ಮುಖ್ಯ ಬೀದಿಗಳಿದ್ದವು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅದರ ಉತ್ತರದ ತುದಿಯಲ್ಲಿ, ಇಂದಿನ ಮೈಸೂರು ಬ್ಯಾಂಕ್ ವೃತ್ತದ ಬಳಿ, ಕೋಟೆಯ ಯಲಹಂಕ ಬಾಗಿಲಿತ್ತು. ನಮ್ಮ ಕಡೆಯಿಂದ ಯಲಹಂಕದ ಹಾದಿ ಹಿಡಿದು ಬಂದವರು ಪೇಟೆಯನ್ನು ಹೊಗುತ್ತಿದ್ದುದು ಆ ಬಾಗಿಲಿನಿಂದ. ಅಕ್ಕಿ ಮಾರುವಲ್ಲಿ ಅಕ್ಕಿಪೇಟೆ, ಹತ್ತಿ ಮಾರುವಲ್ಲಿ ಅರಳೆಪೇಟೆ, ಎಣ್ಣೆ ತೆಗೆಯುವವರಿದ್ದಲ್ಲಿ ಗಾಣಿಗರಪೇಟೆ, ಮಡಕೆ ಮಾಡುವವರಿದ್ದಲ್ಲಿ ಕುಂಬಾರಪೇಟೆ. ಈ ಹೆಸರುಗಳನ್ನು ಒಮ್ಮೆ ಗಮನಿಸಿರಿ. ಒಂದು ಬೀದಿಗಾದರೂ ಕೊಳ್ಳುವವರ ಹೆಸರಿಲ್ಲ. ಎಲ್ಲವೂ ದುಡಿಯುವವರ ಮತ್ತು ಅವರ ದುಡಿಮೆಯ ಹೆಸರುಗಳೇ. ಬೀದಿ ಬೀದಿಯೂ ಒಂದೊಂದು ಕಾಯಕದ ಹೆಸರನ್ನು ಹೊತ್ತಿರುವ ಊರು ಅದು.

ನಾವು ಹೊರಟದ್ದು ಬೆಳಗಿನ ಮೊದಲ ಬಸ್ಸಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೊ ಹತ್ತಿದರೆ ಒಂದು ನಿಲ್ದಾಣಕ್ಕೆ ಚಿಕ್ಕಪೇಟೆ, ಎರಡನೆಯದಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ. 2017ರಲ್ಲಿ ಈ ಸುರಂಗದ ದಾರಿ ತೆರೆದ ಮೇಲೆ ವಯಸ್ಸಾದವರಿಗೆ ಬಹಳ ಅನುಕೂಲವಾಗಿದೆ. ಜವಳಿಯ ಗಂಟನ್ನು ಮನೆದೇವರ ಮುಂದಿಟ್ಟು ಪೂಜಿಸುವ ಪದ್ಧತಿಯುಂಟಷ್ಟೆ; ಅದಕ್ಕೆ ಹೂವು ಬೇಕು, ಹೆಣ್ಣುಮಕ್ಕಳ ಮುಡಿಗೂ ಬೇಕು. ಅಂಗಡಿಗಳು ತೆರೆಯುವ ಮೊದಲೇ ಹೂವು ಕೊಳ್ಳೋಣವೆಂದು ಮಾರುಕಟ್ಟೆಗೇ ಹೋದೆವು.

ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಸ್ಥಳದಲ್ಲಿ 1928ರಲ್ಲಿ ತಲೆಯೆತ್ತಿದ ಮಾರುಕಟ್ಟೆ ಇದು. ಬೆಳಕು ಹರಿಯುವ ಮುನ್ನವೇ ಅಲ್ಲಿ ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳು ಬಿದ್ದಿರುತ್ತವೆ. ಆ ಹೂವಿನ ಮೂಟೆಗಳಲ್ಲಿ ನಮ್ಮ ತಾಲೂಕುಗಳ ಹೊಲಗಳಿಂದ ರಾತ್ರಿಯೇ ಹೊರಟು ಬಂದವೂ ಇರುತ್ತವೆ. ಕಟ್ಟಡದ ಹೊರಗೆ, ಕಾಲುದಾರಿಯ ಅಂಚಿನಲ್ಲಿ, ಕಟ್ಟಿದ ಹೂವನ್ನು ಬಿದಿರಿನ ಮಂಕರಿಯಲ್ಲಿಟ್ಟುಕೊಂಡು ಒಬ್ಬ ವೃದ್ಧೆ ಕುಳಿತಿದ್ದರು. ಕನಕಾಂಬರ ಮಾರಿಗೆ ನೂರು ರೂಪಾಯಿ ಎಂದರು. ನಮಗೆ ಐದು ಮಾರು ಬೇಕಾಗಿತ್ತು.

ನಾನು ಅರವತ್ತಕ್ಕೆ ಕೇಳಿದೆ. ಆ ತಾಯಿ ತೊಂಬತ್ತು ಎಂದರು. ನಾನು ಎದ್ದು ಎರಡು ಹೆಜ್ಜೆ ಮುಂದೆ ಹೋದೆ. ಎಂಬತ್ತು ಎಂದರು. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು. ಪೇಟೆಯ ವ್ಯವಹಾರ ನಿನಗೆ ತಿಳಿಯದು, ಸುಮ್ಮನಿರು ಎಂದು ಆಕೆಯನ್ನೇ ಗದರಿಸಿದೆ. ಕೊನೆಗೆ ಎಪ್ಪತ್ತಕ್ಕೆ ತಂದೆ.

"ಬೋಣಿ ತಾಯಿ, ಇಲ್ಲ ಅನ್ನಬಾರದು, ತಗೊಳ್ಳಿ" ಎಂದು ಆಕೆ ತೋಳು ಚಾಚಿ ಐದು ಮಾರು ಅಳೆದರು. ಹಣವನ್ನು ಕಣ್ಣಿಗೊತ್ತಿಕೊಂಡರು. ಬಳಿಕ, ಯಾರ ಮದುವೆ ಎಂದು ಕೇಳಿ, ನಮ್ಮ ಹುಡುಗಿಯನ್ನು ನೋಡಿ, ಮಂಕರಿಯಿಂದ ಇನ್ನೊಂದು ಮೊಳ ಕತ್ತರಿಸಿ, "ಇದು ಮದುಮಗಳ ಮುಡಿಗೆ ಕೊಸರು" ಎಂದು ಮೇಲೆ ಹಾಕಿದರು.

ಆ ಗಳಿಗೆಯಲ್ಲಿ ನನಗೇನೂ ಅನಿಸಲಿಲ್ಲ. ನೂರೈವತ್ತು ರೂಪಾಯಿ ಉಳಿಸಿದ ಹೆಮ್ಮೆಯೇ ಮನಸ್ಸನ್ನು ತುಂಬಿತ್ತು.

ಅಲ್ಲಿಂದ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಗೆ ಹೋದೆವು. ಬಿಳಿಯ ಮೆತ್ತೆಯ ಮೇಲೆ ಕುಳ್ಳಿರಿಸಿದರು, ತಂಪಾದ ಪಾನೀಯ ತಂದುಕೊಟ್ಟರು. ಗೋಡೆಯ ಮೇಲೆ "ಒಂದೇ ಬೆಲೆ" ಎಂಬ ಫಲಕವಿತ್ತು. ಹೂವಿನ ಬುಟ್ಟಿಯ ಮುಂದೆ ಅಷ್ಟು ಹರಿತವಾಗಿದ್ದ ನನ್ನ ನಾಲಿಗೆ ಆ ಫಲಕದ ಮುಂದೆ ಮೆತ್ತಗಾಯಿತು. ಧಾರೆಯ ಸೀರೆ, ಬೀಗಗಿತ್ತಿಯರ ಸೀರೆ, ಉಡುಗೊರೆಯ ಸೀರೆಗಳೆಂದು ಮನೆಯಲ್ಲಿ ಬರೆದುಕೊಂಡು ಹೋದ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಬಣ್ಣ ಚೆನ್ನಾಗಿದೆಯೆಂದು ಇನ್ನೆರಡನ್ನು ಸೇರಿಸಿದೆವು. ಒಂದೊಂದಕ್ಕೆ ಸಾವಿರದ ಎಂಟುನೂರು. ಯಾರಿಗೆ ಕೊಡುವುದೆಂಬುದು ಆಗಲೂ ತಿಳಿದಿರಲಿಲ್ಲ, ಇಂದಿಗೂ ಅವು ಬೀರುವಿನಲ್ಲಿವೆ.

ಉಡುಗೊರೆಯ ಸೀರೆಗಳನ್ನು ತೋರಿಸುತ್ತಿದ್ದ ಹುಡುಗ, ಇವೆಲ್ಲ ಕಂಚಿಯಿಂದ ಬಂದವು ಎಂದ. ನಮ್ಮ ಭಾವನವರು ನಮ್ಮೂರಿನ ಮಗ್ಗದ ಮನೆಗಳಲ್ಲಿ ಬಹುಕಾಲ ಲೆಕ್ಕ ಬರೆದವರು. ಅವರು ಸೀರೆಯನ್ನು ಹಿಂಬದಿಗೆ ಮಗುಚಿ, ಅಂಚನ್ನು ಬೆರಳಿನಿಂದ ಸವರಿ, "ಅಪ್ಪಾ, ಇದರ ಹಾಸೂ ಹೊಕ್ಕೂ ನನಗೆ ಗೊತ್ತು. ಇದು ನಮ್ಮ ದೊಡ್ಡಬಳ್ಳಾಪುರದ ಮಗ್ಗದ್ದು" ಎಂದರು. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಯಜಮಾನರು ನಕ್ಕು, "ಹೌದು, ನಿಮ್ಮೂರ ಮಾಲೇ" ಎಂದು ಒಪ್ಪಿಕೊಂಡರು.

ನಾವೆಲ್ಲರೂ ನಕ್ಕೆವು. ಭಾವನವರು ಮಾತ್ರ ನಗಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಅವರು ಹೇಳಿದ ಮಾತು ಹೀಗಿತ್ತು: "ನೂಲು ಒಬ್ಬರದು, ಮಗ್ಗ ಇನ್ನೊಬ್ಬರದು, ನೇಯುವವನಿಗೆ ಸಿಗುವುದು ಸೀರೆಗಿಷ್ಟು ಎಂಬ ಕೂಲಿ. ಪೇಟೆಯಲ್ಲಿ ಬೆಲೆ ಇಳಿದರೆ ಮೊದಲು ಇಳಿಯುವುದು ಆ ಕೂಲಿ. ಬೆಲೆ ಏರಿದರೆ ಕೊನೆಗೆ ಏರುವುದೂ ಅದೇ. ನಾವು ಚೌಕಾಸಿ ಮಾಡುವುದು ಎದುರಿಗಿರುವ ವ್ಯಾಪಾರಿಯೊಡನೆ; ಅದು ತಗಲುವುದು ನಮ್ಮ ಬೀದಿಯ ನೇಕಾರನಿಗೆ."

ಆಗ ನನಗೆ ನೆನಪಾದದ್ದು ಆ ಒಂದು ಮೊಳ ಹೂವು. ಉಳಿಸಿದ್ದು ನೂರೈವತ್ತು, ಬೀರುವಿಗೆ ಸೇರಿಸಿದ್ದು ಮೂರು ಸಾವಿರದ ಆರುನೂರು. ಉಳಿಸಿದ್ದು ಯಾರಿಂದ? ಇಲ್ಲದವರಿಂದ. ಮತ್ತು ಅವರೇ ನಮಗೆ ಕೊಸರು ಕೊಟ್ಟು ಕಳುಹಿಸಿದ್ದರು.

ನಮ್ಮ ಶರಣರು ಬಾಳಿದ್ದು ಇಂತಹ ಬೀದಿಗಳಲ್ಲಿಯೇ. ಜೇಡರ ದಾಸಿಮಯ್ಯನವರು ನೇಯ್ದು ಬದುಕಿದವರು. ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯನವರ ಕಥೆ ತಮಗೆಲ್ಲ ತಿಳಿದೇ ಇದೆ. ಹಗ್ಗಕ್ಕೆ ಸಲ್ಲಬೇಕಾದ ಬೆಲೆಗಿಂತ ಬಹಳ ಹೆಚ್ಚಿನ ಹೊನ್ನು ಕೈಗೆ ಬಂದಾಗ ಅವರು ಅದನ್ನು ಒಪ್ಪಲಿಲ್ಲ. ಕೊಟ್ಟವರು ಭಕ್ತರು, ಕೊಟ್ಟದ್ದು ಭಕ್ತಿಯಿಂದ; ಆದರೂ ಕಾಯಕಕ್ಕೆ ಸಲ್ಲುವ ಬೆಲೆಯಷ್ಟೇ ಸಾಕು, ಮಿಕ್ಕದ್ದು ತಮ್ಮದಲ್ಲ ಎಂಬುದು ಅವರ ನಿಲುವು. ಮಾರುವವರಿಗೆ ಇದಕ್ಕಿಂತ ಮಿಗಿಲಾದ ಪಾಠ ಬೇಕೆ?

ಕೊಳ್ಳುವವರ ಪಾಠ ಆಯ್ದಕ್ಕಿ ಲಕ್ಕಮ್ಮನವರಲ್ಲಿದೆ. ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆ ತಾಯಿ ಸಂತೋಷಪಡಲಿಲ್ಲ. ಅಂದಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಬೀರುವಿನಲ್ಲಿರುವ ಆ ಎರಡು ಸೀರೆಗಳನ್ನು ಕಂಡಾಗಲೆಲ್ಲ ಲಕ್ಕಮ್ಮನವರು ನನ್ನ ಮುಂದೆ ನಿಂತು ಕೇಳಿದಂತಾಗುತ್ತದೆ.

ಹಾಗಾದರೆ ಚೌಕಾಸಿ ಮಾಡಲೇಬಾರದೆ? ಹಾಗೆ ನಾನು ಹೇಳಲಾರೆ. ಬೆಲೆ ಕೇಳುವುದು, ಕುದುರಿಸುವುದು ನಮ್ಮ ಸಂತೆಗಳ ಹಳೆಯ ಮರ್ಯಾದೆ. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ಕಂಡವರಿದ್ದೀರಿ. ಅಲ್ಲಿ ಇಬ್ಬರೂ ರೈತರು, ಇಬ್ಬರಿಗೂ ಎತ್ತಿನ ಬೆಲೆ ಗೊತ್ತು. ಇಬ್ಬರೂ ಸಮಾಧಾನದಿಂದ ಏಳುತ್ತಾರೆ. ಅದು ಸಮಾನರ ಮಾತುಕತೆ. ಬೋಣಿಯಾಗದೆ ಕುಳಿತವರ ಮುಂದೆ ಎದ್ದು ಹೋಗುವ ನಟನೆ ಮಾಡುವುದು ಹಾಗಲ್ಲ. ಅದು ಇನ್ನೊಬ್ಬರ ಹಸಿವಿನೊಡನೆ ವ್ಯಾಪಾರ.

ಬೀದಿಯ ವ್ಯಾಪಾರಿಗಳೆಲ್ಲರೂ ಸತ್ಯವಂತರೆಂದೂ ನಾನು ವಾದಿಸುವುದಿಲ್ಲ. ತೋಳು ಮಡಿಸಿ ಮಾರು ಅಳೆಯುವವರೂ ಉಂಟು, ತಕ್ಕಡಿಯನ್ನು ಕಿರುಬೆರಳಿನಿಂದ ಒತ್ತುವವರೂ ಉಂಟು. ಆದ್ದರಿಂದ ಎಚ್ಚರ ಬೇಕು. ಪೇಟೆಗೆ ಹೊರಡುವ ನಮ್ಮ ಮನೆಯವರಿಗೆ ನಾನು ಈಗ ಹೇಳುವ ಮಾತುಗಳಿಷ್ಟು.

ಪಟ್ಟಿಯನ್ನು ಮನೆಯಲ್ಲಿಯೇ ಬರೆಯಿರಿ. ಪಟ್ಟಿಯಲ್ಲಿಲ್ಲದುದು ಎಷ್ಟು ಚಂದವಿದ್ದರೂ ಕೈಮುಗಿದು ಮುಂದೆ ಸಾಗಿರಿ. ಒಂದೇ ವಸ್ತುವನ್ನು ಮೂರು ಕಡೆ ವಿಚಾರಿಸಿದರೆ ಸಲ್ಲುವ ಬೆಲೆ ತಾನಾಗಿ ತಿಳಿಯುತ್ತದೆ. ಅಷ್ಟನ್ನು ಕೊಡಲು ಹಿಂಜರಿಯಬೇಡಿ. ಕುದುರಿಸುವುದಾದರೆ ಲಾಭ ಹೆಚ್ಚಿರುವಲ್ಲಿ ಕುದುರಿಸಿರಿ, ಬುಟ್ಟಿಯ ಮುಂದಲ್ಲ. ರೇಷ್ಮೆಯೆಂದು ಕೊಳ್ಳುವಾಗ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಿರಿ. ಸಂದೇಹವಿದ್ದರೆ ಸೆರಗಿನ ತುದಿಯ ಒಂದೆಳೆಯನ್ನು ಕೇಳಿ ಪಡೆದು ಸುಟ್ಟು ನೋಡಿರಿ: ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ನಮ್ಮೂರಿನಲ್ಲಿಯೇ ನೇಯುವ ಸೀರೆಯನ್ನು ನಮ್ಮೂರಿನಲ್ಲಿಯೇ ಕೊಳ್ಳಲು ಸಾಧ್ಯವೇ ಎಂದು ಒಮ್ಮೆ ಮಗ್ಗದ ಬೀದಿಯಲ್ಲಿ ವಿಚಾರಿಸಿ ಹೊರಡಿರಿ. ಹೊರಡುವಾಗ ಎರಡು ಬಟ್ಟೆಯ ಚೀಲಗಳು ಕೈಯಲ್ಲಿರಲಿ.

ಇನ್ನೊಂದು ಸಂಗತಿ. ಬೀದಿಯಲ್ಲಿ ಕುಳಿತು ಮಾರುವುದು ಯಾರೋ ಕೊಟ್ಟ ಭಿಕ್ಷೆಯಲ್ಲ, ಅದು ಜೀವನೋಪಾಯದ ಹಕ್ಕು ಎಂದು ನಮ್ಮ ದೇಶದ ಸಂಸತ್ತು 2014ರಲ್ಲಿ ಕಾಯಿದೆ ಮಾಡಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸಬಾರದೆಂದೂ, ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40ರಷ್ಟು ಸ್ಥಾನ ಬೀದಿ ವ್ಯಾಪಾರಿಗಳದೇ ಆಗಿರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂದೂ ಅದು ವಿಧಿಸುತ್ತದೆ. ಕಾಯಿದೆ ಗೌರವ ಕೊಟ್ಟವರಿಗೆ ನಾವು ಕೊಳ್ಳುವವರು ಗೌರವ ಕೊಡದಿದ್ದರೆ ಹೇಗೆ? ನಮ್ಮ ಸಮಾಜದಲ್ಲಿ ಅಂಗಡಿಯಿಟ್ಟು ಬಾಳುವ ಕುಟುಂಬಗಳು ಬಹಳಷ್ಟಿವೆ. ಗಿರಾಕಿಯ ಒಂದು ಕಟುಮಾತು ದಿನವಿಡೀ ಹೇಗೆ ಚುಚ್ಚುತ್ತದೆಂಬುದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ.

ಮದುವೆಯ ಹಿಂದಿನ ದಿನ ಹೂವಿಗೆಂದು ನಾನು ಮತ್ತೆ ಮಾರುಕಟ್ಟೆಗೆ ಹೋದೆ. ಆ ವೃದ್ಧೆ ಅದೇ ಅಂಚಿನಲ್ಲಿ ಕುಳಿತಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ದಿನಕ್ಕೆ ಎಷ್ಟೊಂದು ಮುಖಗಳು! ಮೂರು ಕಡೆ ವಿಚಾರಿಸಿಯೇ ಬಂದಿದ್ದೆ, ಅವರು ಹೇಳಿದ್ದು ಸಲ್ಲುವ ಬೆಲೆಯೇ ಆಗಿತ್ತು. ಕೇಳಿದಷ್ಟನ್ನು ಎಣಿಸಿ ಕೊಟ್ಟೆ. ಹಳೆಯ ನೂರೈವತ್ತನ್ನೂ ಸೇರಿಸಿ ಕೊಡಬೇಕೆಂದು ಕೈ ಮುಂದೆ ಮಾಡಿದೆ. ಆಕೆ ನೋಟನ್ನು ನೋಡಿ, "ಲೆಕ್ಕ ಜಾಸ್ತಿ ಆಯ್ತು ತಾಯಿ" ಎಂದು ಹಿಂದಕ್ಕೆ ಕೊಟ್ಟರು. ಬಿಡಿಸಿ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಬಳಿಕ ತೋಳು ತುಂಬ ಚಾಚಿ ಹೂವು ಅಳೆದರು. ಅಳೆದಾದ ಮೇಲೆ, ಅಂದಿನಂತೆಯೇ, ಒಂದು ಮೊಳ ಕೊಸರು ಹಾಕಿದರು. ಚಂದಯ್ಯನವರ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ.