ತಿರುವು ಬೇಕೆನ್ನುವವರಿಗೆ

ಕತೆಯ ಕೊನೆಗೆ ಬೆಚ್ಚಿಬೀಳಿಸುವ ತಿರುವು ಇರಲೇಬೇಕು ಅನ್ನೋರ ಮಾತು ನಾವು ಒಪ್ಪೋದಿಲ್ಲ. ಮಾಸ್ತಿಯವರ ‘ರಂಗನ ಮದುವೆ’ ನೋಡಿ. ಮದುವೆ ಆಗುತ್ತದೆ ಅಂತ ಹೆಸರೇ ಹೇಳಿಬಿಟ್ಟಿದೆ! ಆದರೂ ಬಿಡದೆ ಓದುತ್ತೇವೆ. ಮದುವೆ ಬೇಡವೆನ್ನುವ ರಂಗ, ಹಾಡುತ್ತಿರುವ ರತ್ನಳನ್ನು ನೋಡುತ್ತಾನೆ; ಅವಳಿಗೆ ಮದುವೆಯಾಗಿದೆ ಎಂದು ಶ್ಯಾಮ ಸುಳ್ಳು ಹೇಳುತ್ತಾನೆ; ರಂಗನ ಮುಖ ಬಾಡುತ್ತದೆ; ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಶ್ಯಾಮ ಅವನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ. ಒಂದರಿಂದ ಇನ್ನೊಂದು ಹುಟ್ಟುತ್ತದೆ. ಕತೆಯ ಹಂದರ ಅಂದರೆ ಇದೇ.

ಕಿಣ್ಣಿ ಸುಲ್ತಾನದ ಹುಡುಗಿಯೊಬ್ಬಳು ಬರೆದಳು ಅನ್ನಿ: ಮಳೆ ಕೈಕೊಟ್ಟಿತು, ತೊಗರಿ ಒಣಗಿತು, ಅಪ್ಪ ಪುಣೆಗೆ ದುಡಿಯಲು ಹೋದ. ಇದಕ್ಕೂ ಹಂದರವಿದೆ. ‘ಕೊನೆ ಸಪ್ಪೆ’ ಅಂತ ಪಕ್ಕಕ್ಕಿಡುವ ತೀರ್ಪುಗಾರರೇ, ಅಪ್ಪ ಹೋದ ಮರುದಿನ ಒಲೆ ಹೊತ್ತಿಸಿದ್ದು ಯಾರು ಅಂತ ಅವಳನ್ನು ಕೇಳಿದ್ದೀರಾ?