ಚೀಟಿ ನಿನ್ನನ್ನು ನೋಡಿಲ್ಲ, ಪುಟ್ಟಿ

ಮಕ್ಕಳೇ, ನೀವು ಹಾಕಿಕೊಂಡಿರುವ ಅಂಗಿಯ ಕತ್ತಿನ ಒಳಗೆ ಒಂದು ಪುಟ್ಟ ಚೀಟಿ ಇರುತ್ತದೆ. ಈ ವಾರ ಅದರದೇ ಕಥೆ.

ಗೌರಿ ಹಬ್ಬಕ್ಕೆಂದು ಮೊಮ್ಮಗಳಿಗೆ ಫ್ರಾಕು ತಂದಿದ್ದೆವು. ಅವಳಿಗೆ ಹತ್ತು ವರ್ಷ. ಚೀಟಿಯಲ್ಲೂ ‘9–10 ವರ್ಷ’ ಎಂದೇ ಇತ್ತು. ಹಾಕಿ ನೋಡಿದರೆ ಬೆನ್ನಿನ ಜಿಪ್ಪು ಅರ್ಧಕ್ಕೇ ನಿಂತಿತು. “ನಾನೇ ದಪ್ಪ ಅಜ್ಜಿ. ಕ್ಲಾಸಲ್ಲೂ ಹಾಗೇ ಅಂತಾರೆ” ಎಂದು ಕೋಣೆ ಸೇರಿದವಳು ಊಟಕ್ಕೂ ಏಳಲಿಲ್ಲ.

ನಮ್ಮದು ರಾಜಗೋಪಾಲನಗರ. ಪಕ್ಕದಲ್ಲೇ ಪೀಣ್ಯ. ಬೆಳಗಾದರೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಹೊರಡುವವರು ನಮ್ಮ ಬೀದಿಯಲ್ಲಿ ಬಹಳ. ಎದುರು ಮನೆಯ ಹೆಣ್ಣುಮಗಳು ಚೆಕಿಂಗ್‌ನಲ್ಲಿದ್ದಾಳೆ. ವಿಷಯ ತಿಳಿದು ಟೇಪು ತಂದವಳು ಮೊದಲು ಅಳೆದದ್ದು ಹುಡುಗಿಯನ್ನಲ್ಲ, ಫ್ರಾಕನ್ನು. ಎದೆಯ ಸುತ್ತು ಇಪ್ಪತ್ತೇಳೂವರೆ ಇಂಚು. ಮೊಮ್ಮಗಳದು ಇಪ್ಪತ್ತೆಂಟು. ಕೈಯೆತ್ತಲು, ಉಸಿರಾಡಲು ಬಟ್ಟೆ ಮೈಗಿಂತ ಎರಡು ಮೂರು ಇಂಚಾದರೂ ಹೆಚ್ಚಿರಬೇಕು.

“ಈ ಚೀಟಿ ನಿನ್ನ ನೋಡೇ ಇಲ್ಲ ಕಣೆ ಪುಟ್ಟಿ” ಎಂದಳು. “ನಾವು ಹೊಲಿಯೋದು ಅಳತೆಪಟ್ಟಿ ನೋಡ್ಕೊಂಡು. ಒಂದೊಂದು ಕಂಪನಿಗೆ ಒಂದೊಂದು ಪಟ್ಟಿ. ಒಂದೇ ಸೈಜಿನ ಎರಡು ಅಂಗಿ ಅರ್ಧ ಇಂಚು ಆಚೀಚೆ ಆದ್ರೂ ಪಾಸ್ ಮಾಡ್ತೀವಿ. ಇದಕ್ಕೆ ನಿನ್ನ ಮೈ ಬೈಕೋತೀಯಾ?”

ವಯಸ್ಸನ್ನು ನಂಬಿ ಬಟ್ಟೆ ಕೊಳ್ಳಬಾರದೆಂಬುದು ಹೊಸ ಮಾತಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು 1,47,000 ಮಕ್ಕಳನ್ನು ಅಳೆದು ನೋಡಿದರು. ಬಟ್ಟೆಯ ಅಳತೆಗೆ ವಯಸ್ಸಿಗಿಂತ ಎತ್ತರವೇ ಒಳ್ಳೆಯ ಗುರುತು ಎಂದು ತಿಳಿಯಿತು. ಯುರೋಪಿನ ಮಕ್ಕಳ ಉಡುಪಿನಲ್ಲಿ 128, 134, 140 ಎಂದು ಬರೆದಿರುವುದು ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ. ಭಾರತೀಯರಿಗೆ ಭಾರತೀಯರದೇ ಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ಅಳೆಯುವ ಯೋಜನೆ ಕೈಗೊಂಡಿತು. ಅದು 15ರಿಂದ 65 ವರ್ಷದವರಿಗೆ. ಹಾಗಾಗಿ ಚಿಕ್ಕ ಮಕ್ಕಳನ್ನು ಅಳೆಯಬೇಕಾದವರು ಮನೆಯವರೇ!

ತಾತಂದಿರಿಗೂ ಇದೇ ಗೊಂದಲ. ಬನಿಯನ್ನಿನ ಮೇಲೆ 95 ಎಂದಿದ್ದರೆ ಅದು ಎದೆಯ ಸುತ್ತು, ಸೆಂಟಿಮೀಟರಿನಲ್ಲಿ. ಆಫೀಸಿನ ಶರ್ಟಿನ 40 ಸಾಮಾನ್ಯವಾಗಿ ಕಾಲರಿನ ಅಳತೆ, ಅದೂ ಸೆಂಟಿಮೀಟರು. ಜುಬ್ಬದ 40 ಎದೆಯ ಅಳತೆ, ಇಂಚಿನಲ್ಲಿ. ಮೈ ಒಂದೇ, ಲೆಕ್ಕ ಮೂರು.

ಹಾಗಾದರೆ ಕೊಳ್ಳುವುದು ಹೇಗೆ? ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ಚಾಪೆಯ ಮೇಲೆ ಹರಡಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಭುಜ, ಉದ್ದ ಎರಡನ್ನೂ ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಚೀಟಿ, ಒಂದು ಟೇಪು ಜೊತೆಗಿರಲಿ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು. ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಅಂಗಿಯ ಒಳಮಗ್ಗುಲು ತಿರುಗಿಸಿ ನೋಡಿ. ಪಕ್ಕದ ಹೊಲಿಗೆಯಲ್ಲಿ, ಕೆಳಗಿನ ಮಡಿಕೆಯಲ್ಲಿ ಬಟ್ಟೆ ಉಳಿಸಿದ್ದರೆ ಬೆಳೆಯುವ ಮಕ್ಕಳಿಗೆ ಇನ್ನೊಂದು ವರ್ಷ ಬಂತೆಂದೇ ಲೆಕ್ಕ. ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗೀತು, ನೆನಪಿರಲಿ.

ನಮ್ಮ ಫ್ರಾಕಿನ ಒಳಗೂ ಅದೃಷ್ಟಕ್ಕೆ ಬಟ್ಟೆ ಇತ್ತು. ಎರಡು ಪಕ್ಕ, ಪಕ್ಕಕ್ಕೆರಡು ಅಂಚು, ಅಂಚಿಗೆ ಅರ್ಧ ಇಂಚು. ಒಟ್ಟು ಎಷ್ಟಾಯಿತು, ನೀವೇ ಹೇಳಿ! ಮೂಲೆಯ ಟೈಲರು ಬಿಚ್ಚಿ ಹೊಲಿದುಕೊಟ್ಟರು. ಜಿಪ್ಪು ಸರ್ರನೆ ಮೇಲೇರಿತು.

ಮೊಮ್ಮಗಳು ಕನ್ನಡಿ ಮುಂದೆ ಒಂದು ಸುತ್ತು ತಿರುಗಿ ಕೇಳಿದಳು: “ಅಜ್ಜಿ, ನಾಳೆ ಕ್ಲಾಸಿಗೆ ಟೇಪು ತಗೊಂಡು ಹೋಗ್ಲಾ?”